ಶಾಮಿಯಾನ ಕಟ್ಟುವ ಮುಂಚೆ ಒಮ್ಮೆ ಮೇಲೆ ನೋಡಿ

ಕಾಲೇಜು ದಿನಾಚರಣೆ ಬಂತೆಂದರೆ ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ಊಟಕ್ಕೆ, ಮೈಕಿಗೆ ಸಮಿತಿ ಉಂಟು. ಕಂಬ, ವಯರು ನೋಡಲು ಯಾರೂ ಇಲ್ಲ. "ಏನಾಗ್ತದೆ ಮಾರಾಯ್ರೇ, ಒಂದು ದಿನದ್ದಲ್ವಾ?" ಅಂತಾರೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ನಡೆದದ್ದೂ ಶಾಲೆಯ ಒಂದು ದಿನದ ಕಾರ್ಯಕ್ರಮವೇ. ಸಿಂಥೆಟಿಕ್ ಬಟ್ಟೆಯ ಚಪ್ಪರಕ್ಕೆ ಬೆಂಕಿ ಹತ್ತಿ 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೇ ಬಹಳ. ಹೊರಬರಲು ದಾರಿ ಸಾಲಲಿಲ್ಲ.

ಐಎಸ್ 8758 ಎಂಬ ಭಾರತೀಯ ಮಾನಕ ಇರುವುದೇ ಇದಕ್ಕೆ. ವಿದ್ಯುತ್ ತಂತಿಯ ಕೆಳಗೆ ಚಪ್ಪರ ಬೇಡ, ಸಿಂಥೆಟಿಕ್ ಬಟ್ಟೆ ಬೇಡ, ಒಲೆ ದೂರವಿರಲಿ, ದಾರಿ ಒಂದೇ ಆಗಬಾರದು. ಶಾಮಿಯಾನದವರ ಮೇಲೆ ಹಾಕಿ ಕೈತೊಳೆದುಕೊಂಡರೆ ಆಗ್ಲಿಕ್ಕಿಲ್ಲ. ಪ್ರಾಂಶುಪಾಲರು ಇಷ್ಟನ್ನೂ ಕಣ್ಣಾರೆ ನೋಡಿಯೇ ಅನುಮತಿಗೆ ಸಹಿ ಹಾಕಲಿ. ಮಕ್ಕಳನ್ನು ಅದರಡಿ ಕೂರಿಸುವುದು ನಾವು, ಹೊಣೆಯೂ ನಮ್ಮದೇ.