ಛೇದ ಕಾಣದ ಸಂಖ್ಯೆಗಳು

ರೋಗದ ಪ್ರಕರಣಗಳ ಸಂಖ್ಯೆ ಎಂಬುದು ಒಂದು ಭಿನ್ನರಾಶಿಯ ಅಂಶ ಮಾತ್ರ. ಅದರ ಅಡಿಯಲ್ಲಿ ಇರಬೇಕಾದ ಛೇದ, ಅಂದರೆ ಎಷ್ಟು ಜನರ ಪೈಕಿ, ಎಷ್ಟು ಪರೀಕ್ಷೆಗಳ ಪೈಕಿ ಅಷ್ಟು ಪ್ರಕರಣಗಳು ಪತ್ತೆಯಾದವು ಎಂಬ ವಿವರ, ಸುದ್ದಿಯ ತಲೆಬರಹಕ್ಕೆ ಬರುವುದು ಅಪರೂಪ. ರಾಜ್ಯ ಅಥವಾ ದೇಶದ ಮಟ್ಟದಲ್ಲಿ ಈ ಕೊರತೆಯಿಂದಾಗುವ ತಪ್ಪು ಸರಾಸರಿಯೊಳಗೆ ಕೆಲಮಟ್ಟಿಗೆ ಕರಗಿಹೋಗುತ್ತದೆ, ಆದರೆ ಮೂರು ಸಾವಿರ ಜನರ ಊರಿನಲ್ಲಿ ಅದು ಕರಗುವುದಿಲ್ಲ. ಕೋವಿಡ್ ಕುರಿತ ಅತ್ಯಂತ ಸ್ಪಷ್ಟ ತಿಳಿವಳಿಕೆಯ ಒಂದು ಭಾಗ ಸಣ್ಣ ಸಮುದಾಯಗಳಿಂದ ದೊರೆತದ್ದೂ, ಲಸಿಕೆಯ ಕುರಿತ ದೊಡ್ಡ ತಪ್ಪುಗ್ರಹಿಕೆಗಳಲ್ಲೊಂದು ಸಣ್ಣ ಸಮುದಾಯದ ಅಂಕಿಗಳಿಂದಲೇ ಹಬ್ಬಿದ್ದೂ ಆಕಸ್ಮಿಕವಲ್ಲ.

ಇಟಲಿಯ ವೆನೆಟೊ ಪ್ರದೇಶದಲ್ಲಿ ವೋ ಎಂಬ ಪುಟ್ಟ ಪಟ್ಟಣವಿದೆ. 2020ರ ಫೆಬ್ರುವರಿ 21ರಂದು ಅಲ್ಲಿಯ ನಿವಾಸಿಯೊಬ್ಬರು ತೀರಿಕೊಂಡದ್ದು ಆ ದೇಶದಲ್ಲಿ ವರದಿಯಾದ ಮೊದಲ ಕೋವಿಡ್ ಸಾವು. ಕೂಡಲೇ ಪಟ್ಟಣವನ್ನು ಎರಡು ವಾರಗಳ ಕಾಲ ಮುಚ್ಚಲಾಯಿತು. ಪಾದುವಾ ವಿಶ್ವವಿದ್ಯಾಲಯದ ಆಂಡ್ರಿಯಾ ಕ್ರಿಸಾಂಟಿ ಮತ್ತು ಅವರ ಸಂಗಡಿಗರು ಈ ಅವಧಿಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ, ಕೆಮ್ಮು ಜ್ವರ ಇದ್ದವರು ಇಲ್ಲದವರು ಎಂದು ನೋಡದೆ ಊರಿನ ಬಹುಪಾಲು ಜನರ ಮೂಗು–ಗಂಟಲ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಒಟ್ಟು 3,275 ನಿವಾಸಿಗಳಲ್ಲಿ ಮೊದಲ ಸುತ್ತಿಗೆ 2,812 ಜನ ಒಳಪಟ್ಟರು, 73 ಜನರಲ್ಲಿ ಸೋಂಕು ಕಂಡಿತು. ಎರಡನೆಯ ಸುತ್ತಿನ 2,343 ಜನರಲ್ಲಿ ಸೋಂಕಿತರು 29, ಅವರಲ್ಲೂ ಹೆಚ್ಚಿನವರು ಮೊದಲ ಸುತ್ತಿನಲ್ಲೇ ಪತ್ತೆಯಾಗಿದ್ದವರು. ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದ ತಿರುಳು ಇಷ್ಟು: ಸೋಂಕಿತರಲ್ಲಿ ಶೇ 42.5ರಷ್ಟು ಮಂದಿಗೆ ಯಾವ ಲಕ್ಷಣವೂ ಇರಲಿಲ್ಲ, ಆದರೆ ಅವರ ಮೂಗು–ಗಂಟಲಿನಲ್ಲಿದ್ದ ವೈರಾಣುವಿನ ಪ್ರಮಾಣ ಲಕ್ಷಣವಿದ್ದವರಿಗಿಂತ ಕಡಿಮೆಯೇನೂ ಆಗಿರಲಿಲ್ಲ. ಆ ದಿನಗಳಲ್ಲಿ ಜಗತ್ತಿನ ಬಹುತೇಕ ದೇಶಗಳು ಅನುಸರಿಸುತ್ತಿದ್ದಂತೆ ಜ್ವರವಿದ್ದವರನ್ನು, ವಿದೇಶದಿಂದ ಬಂದವರನ್ನು ಮಾತ್ರ ಪರೀಕ್ಷಿಸಿದ್ದರೆ ಈ ಮಂದಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಹತ್ತು ವರ್ಷದವರೆಗಿನ 234 ಮಕ್ಕಳಲ್ಲಿ ಒಬ್ಬರಿಗೂ ಸೋಂಕು ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದ ಮಾತು. ಮಕ್ಕಳಿಗೆ ಈ ರೋಗ ತಗಲುವುದೇ ಇಲ್ಲವೆಂದು ಅದನ್ನು ಹಿಗ್ಗಿಸಿ ಓದಿದವರಿಗೆ ಮುಂದಿನ ಅಲೆಗಳು ಉತ್ತರ ಕೊಟ್ಟವು. ಒಂದು ಊರಿನ ಸೊನ್ನೆ ಆ ಊರಿನ, ಆ ವಾರದ ಸೊನ್ನೆಯಷ್ಟೆ.

ವೋ ಪಟ್ಟಣದಲ್ಲಿ ಸಾಧ್ಯವಾದದ್ದು ಏಳು ಕೋಟಿ ಜನರ ರಾಜ್ಯದಲ್ಲಿ ಸಾಧ್ಯವಿಲ್ಲ, ನಿಜ. ಹಾಗಾದಾಗ ಎಷ್ಟು ಜನರ ಪೈಕಿ ಎಷ್ಟು ಮಂದಿಗೆ ನಿಜವಾಗಿ ಸೋಂಕು ತಗಲಿದೆ ಎಂಬುದನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಬೇಕಾಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ನಡೆಸಿದ ಸಮೀಕ್ಷೆ, ರಕ್ತದಲ್ಲಿನ ಪ್ರತಿಕಾಯಗಳು ಹಳೆಯ ಸೋಂಕನ್ನೂ ಮೂಗು–ಗಂಟಲ ಮಾದರಿಗಳು ಚಾಲ್ತಿಯ ಸೋಂಕನ್ನೂ ತಿಳಿಸುತ್ತವೆ ಎಂಬ ತತ್ವದ ಮೇಲೆ, ರಾಜ್ಯದ ಶೇ 27.3ರಷ್ಟು, ಅಂದರೆ ಸುಮಾರು 1.93 ಕೋಟಿ ಜನರಿಗೆ ಅಷ್ಟರಲ್ಲಾಗಲೇ ಸೋಂಕು ತಗಲಿತ್ತೆಂದು ಅಂದಾಜಿಸಿತು. ಆ ಹೊತ್ತಿಗೆ ಅಧಿಕೃತವಾಗಿ ದಾಖಲಾದ ಪ್ರಕರಣಗಳು ಐದು ಲಕ್ಷದ ಒಳಗೆ. ದಾಖಲಾದ ಒಂದು ಪ್ರಕರಣಕ್ಕೆ ಸುಮಾರು ನಲವತ್ತು ಸೋಂಕುಗಳಿದ್ದವು ಎಂದಾದ ಮೇಲೆ, ಯಾವುದೋ ತಾಲ್ಲೂಕಿನಲ್ಲಿ ನಿನ್ನೆ ಹನ್ನೊಂದು, ಇಂದು ಒಂಬತ್ತು ಎಂಬ ವರದಿಯನ್ನು ಇಳಿಮುಖವೆಂದು ಬಣ್ಣಿಸುವುದರಲ್ಲಿ ಅರ್ಥವೇನಿದೆ ಎಂದು ಕೇಳಲೇಬೇಕಾಗುತ್ತದೆ.

ಹೆಚ್ಚು ಪರೀಕ್ಷಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಸೋಂಕಿಲ್ಲದವರನ್ನು ಇಲ್ಲದವರೆಂದೇ ಗುರುತಿಸುವ ಸಾಮರ್ಥ್ಯಕ್ಕೆ ನಿರ್ದಿಷ್ಟತೆ ಎಂದೂ, ಸೋಂಕಿತರನ್ನು ತಪ್ಪದೆ ಹಿಡಿಯುವ ಸಾಮರ್ಥ್ಯಕ್ಕೆ ಸಂವೇದನೆ ಎಂದೂ ಹೆಸರು. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲ ರ‍್ಯಾಪಿಡ್ ಆಂಟಿಜೆನ್ ಕಿಟ್‌ಗೆ ಒಪ್ಪಿಗೆ ಕೊಡುವಾಗ ಅದರ ನಿರ್ದಿಷ್ಟತೆ ಶೇ 99.3ರಿಂದ 100, ಸಂವೇದನೆ ಶೇ 50.6ರಿಂದ 84 ಎಂದು ತಿಳಿಸಿತ್ತು. ಶೇ 99.3 ಎಂಬುದು ಕೇಳಲು ಪರಿಪೂರ್ಣತೆಗೆ ಹತ್ತಿರದ ಮಾತು. ಆದರೂ ಸೋಂಕೇ ಇಲ್ಲದ ಮೂರು ಸಾವಿರ ಜನರ ಗ್ರಾಮವನ್ನು ಅಂಥ ಕಿಟ್‌ನಿಂದ ಪೂರ್ತಿ ಪರೀಕ್ಷಿಸಿದರೆ ಇಪ್ಪತ್ತೊಂದು ಜನ ಸೋಂಕಿತರೆಂದು ಸುಳ್ಳೇ ಪಟ್ಟಿಗೆ ಸೇರುತ್ತಾರೆ. ಸಂವೇದನೆಯ ಕೆಳಗಿನ ಮಿತಿಯಲ್ಲಾದರೋ ಅದೇ ಕಿಟ್ ನಿಜವಾದ ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರನ್ನು ಕೈಬಿಡುತ್ತದೆ. ಲಕ್ಷಣವಿದ್ದೂ ನೆಗೆಟಿವ್ ಬಂದವರನ್ನು ಆರ್‌ಟಿ–ಪಿಸಿಆರ್ ಮೂಲಕ ಮತ್ತೆ ಪರೀಕ್ಷಿಸಬೇಕೆಂದು ಮಂಡಳಿ ಹೇಳಿದ್ದರ ಹಿನ್ನೆಲೆ ಇದು.

ಲಸಿಕೆ ಬಂದ ಮೇಲೆ ಗೊಂದಲ ಇನ್ನೊಂದು ರೂಪ ತಾಳಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲ ತುದಿಯಲ್ಲಿರುವ ಪ್ರಾವಿನ್ಸ್‌ಟೌನ್‌ನಲ್ಲಿ ವರ್ಷವಿಡೀ ನೆಲೆಸುವವರು ಕೆಲವೇ ಸಾವಿರ; ಬೇಸಿಗೆಯಲ್ಲಿ ಪ್ರವಾಸಿಗರಿಂದ ಊರು ಹಲವು ಪಟ್ಟು ಹಿಗ್ಗುತ್ತದೆ. 2021ರ ಜುಲೈನಲ್ಲಿ ಅಲ್ಲಿಯ ಸಂಭ್ರಮಗಳ ಬೆನ್ನಿಗೆ ಆ ರಾಜ್ಯದ ನಿವಾಸಿಗಳಲ್ಲಿ 469 ಪ್ರಕರಣಗಳು ಪತ್ತೆಯಾದವು, ಅವರಲ್ಲಿ 346 ಜನ, ಅಂದರೆ ಶೇ 74ರಷ್ಟು, ಲಸಿಕೆಯನ್ನು ಪೂರ್ಣವಾಗಿ ಪಡೆದವರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ವರದಿಯನ್ನು ಪ್ರಕಟಿಸಿದಾಗ ಲಸಿಕೆ ನಿಷ್ಪ್ರಯೋಜಕವೆಂಬ ಕೂಗು ಎದ್ದಿತು. ವರದಿಯ ಇನ್ನೊಂದು ಸಾಲು, ಆಸ್ಪತ್ರೆ ಸೇರಿದವರು ಐವರು ಮತ್ತು ಸಾವು ಸೊನ್ನೆ ಎಂಬುದು, ಅಷ್ಟು ದೂರ ಪಯಣಿಸಲಿಲ್ಲ.

ಕೂಗಿನಲ್ಲಿದ್ದ ತಪ್ಪು ಶುದ್ಧ ಅಂಕಗಣಿತದ್ದು. ಸಾವಿರ ಜನರ ಒಂದು ಊರನ್ನು ಕಲ್ಪಿಸಿಕೊಂಡು, ಒಂಬೈನೂರು ಜನ ಲಸಿಕೆ ಪಡೆದಿದ್ದಾರೆ, ನೂರು ಜನ ಪಡೆದಿಲ್ಲ, ಪಡೆಯದವರಲ್ಲಿ ನೂರಕ್ಕೆ ಹತ್ತು ಮಂದಿಗೂ ಪಡೆದವರಲ್ಲಿ ನೂರಕ್ಕೆ ಎರಡೇ ಮಂದಿಗೂ ಸೋಂಕು ತಗಲುತ್ತದೆ ಎಂದಿಟ್ಟುಕೊಂಡರೆ, ಪಡೆಯದವರ ಕಡೆ ಹತ್ತು, ಪಡೆದವರ ಕಡೆ ಹದಿನೆಂಟು ಪ್ರಕರಣಗಳಾಗುತ್ತವೆ. ಲಸಿಕೆ ಅಪಾಯವನ್ನು ಐದನೆಯ ಒಂದು ಭಾಗಕ್ಕೆ ಇಳಿಸಿದ್ದರೂ ಸೋಂಕಿತರಲ್ಲಿ ಮೂರನೆಯ ಎರಡು ಪಾಲಿನಷ್ಟು ಜನ ಲಸಿಕೆ ಪಡೆದವರೇ ಆಗಿರುತ್ತಾರೆ. ಪ್ರಾವಿನ್ಸ್‌ಟೌನ್ ವಿಷಯದಲ್ಲಿ ಇಷ್ಟು ಲೆಕ್ಕ ಹಾಕುವುದಕ್ಕೂ ದಾರಿಯಿರಲಿಲ್ಲ: ರಾಜ್ಯದ ಅರ್ಹರಲ್ಲಿ ಶೇ 69ರಷ್ಟು ಜನ ಲಸಿಕೆ ಪಡೆದಿದ್ದರು, ಆದರೆ ಆ ಜನಸಂದಣಿಯಲ್ಲಿ ಪಡೆದವರೆಷ್ಟು ಎಂದು ಯಾರೂ ಎಣಿಸಿರಲಿಲ್ಲ. ಆ ವರದಿಯಿಂದ ತಿಳಿಯಬಹುದಾಗಿದ್ದು, ಲಸಿಕೆ ಪಡೆದವರೂ ಡೆಲ್ಟಾ ತಳಿಯನ್ನು ಹರಡಬಲ್ಲರು ಎಂಬ ಆತಂಕ. ಲಸಿಕೆ ಎಷ್ಟು ಪರಿಣಾಮಕಾರಿ ಎಂಬುದಲ್ಲ.

ಕೆಲವೇ ತಿಂಗಳಲ್ಲಿ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ, ವಿದ್ಯಾರ್ಥಿಗಳ ಸಮಾರಂಭವೊಂದರ ನಂತರ, 66ರಿಂದ ಆರಂಭವಾದ ಪ್ರಕರಣಗಳು ಎರಡು ಮೂರು ದಿನಗಳಲ್ಲಿ 281ಕ್ಕೆ ಏರಿದಾಗ ಅದೇ ಕೂಗು ಕನ್ನಡದಲ್ಲೂ ಕೇಳಿಬಂತು. ಎರಡೂ ಡೋಸ್ ಪಡೆದವರೇ ಬಹುತೇಕ ತುಂಬಿರುವ ಆವರಣದಲ್ಲಿ ಯಾರಿಗೆ ಸೋಂಕು ತಗಲಿದರೂ ಅವರು ಎರಡು ಡೋಸ್ ಪಡೆದವರೇ ಆಗಿರಬೇಕಲ್ಲವೆ? ಒಂದೇ ಕಡೆ ನಿಂತು ಎಲ್ಲರನ್ನೂ ಪರೀಕ್ಷಿಸಿದ್ದರಿಂದ ಲಕ್ಷಣವಿಲ್ಲದವರೂ ಲೆಕ್ಕಕ್ಕೆ ಬಂದರು. ಪರೀಕ್ಷೆಯ ವ್ಯಾಪ್ತಿಯೇ ಸಂಖ್ಯೆಯನ್ನು ದೊಡ್ಡದು ಮಾಡಿತ್ತು. ಸೋಂಕಿತರಲ್ಲಿ ಬಹುಪಾಲು ಜನರಿಗೆ ತೊಂದರೆ ಇರಲಿಲ್ಲ ಅಥವಾ ಅಲ್ಪವಾಗಿತ್ತು.

ಕರ್ನಾಟಕದ ಹಳ್ಳಿಗಳಲ್ಲಿ ಛೇದ ಇರಲೇ ಇಲ್ಲವೆಂದು ಹೇಳುವಂತಿಲ್ಲ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಬಸುರಿ, ಯಾರು ಅರವತ್ತು ದಾಟಿದವರು ಎಂಬ ವಿವರ ಆಶಾ ಕಾರ್ಯಕರ್ತೆಯರ ಬಳಿ ಇತ್ತು. ಅವರು ಮನೆ ಮನೆ ಸುತ್ತಿ ಕೂಡಿಸಿದ ಅಂಕಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಏರುತ್ತಿದ್ದವು; ಇಷ್ಟು ಮನೆಗಳಲ್ಲಿ ಇಷ್ಟು ಪರೀಕ್ಷೆ, ಇಷ್ಟು ವಯಸ್ಕರಲ್ಲಿ ಇಷ್ಟು ಮಂದಿಗೆ ಎರಡನೆಯ ಡೋಸ್ ಎಂಬ ರೂಪದಲ್ಲಿ ಅವು ಗ್ರಾಮ ಪಂಚಾಯಿತಿಯ ಫಲಕಕ್ಕೆ ಮರಳಿ ಇಳಿಯುವ ಏರ್ಪಾಡು ಮಾತ್ರ ರೂಢಿಯಾಗಲಿಲ್ಲ.

ಇದಕ್ಕೆ ತಿರುಗುಮುರುಗಾಗಿ, ಅಂಶದ ವಿವರ ಬೇಕಾದುದಕ್ಕಿಂತ ಹೆಚ್ಚು ಹೊರಬಿತ್ತು. 2020ರ ಮೊದಲ ತಿಂಗಳುಗಳ ಸರ್ಕಾರಿ ಪ್ರಕಟಣೆಗಳು ಪ್ರತಿ ರೋಗಿಗೂ ‘ಪಿ’ ಅಕ್ಷರದ ಮುಂದೆ ಸಂಖ್ಯೆ ಕೊಟ್ಟು ವಯಸ್ಸು, ಲಿಂಗ, ಊರು, ಯಾರ ಸಂಪರ್ಕ ಎಂಬುದನ್ನು ನಮೂದಿಸುತ್ತಿದ್ದವು. ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯೂ ಆ ವರ್ಷದ ಮಾರ್ಚ್‌ನಲ್ಲಿ ಪ್ರಕಟವಾಯಿತು. ಮಹಾನಗರದಲ್ಲಿ ಹೆಸರಿಲ್ಲದ ಸಂಖ್ಯೆ ಹೆಸರಿಲ್ಲದ್ದಾಗಿಯೇ ಉಳಿದೀತು, ಇನ್ನೂರು ಮನೆಗಳ ಊರಿನಲ್ಲಿ ಮೂವತ್ತನಾಲ್ಕು ವರ್ಷದ ಮಹಿಳೆ ಎಂದರೆ ಬೆರಳು ನೇರವಾಗಿ ಒಂದು ಬಾಗಿಲಿಗೆ ತೋರುತ್ತದೆ. ಮ್ಯಾಸಚೂಸೆಟ್ಸ್ ತನ್ನ ಸಣ್ಣ ಊರುಗಳ ವಾರದ ಪಟ್ಟಿಯಲ್ಲಿ ಪ್ರಕರಣಗಳು ಬೆರಳೆಣಿಕೆಯಷ್ಟಿದ್ದಾಗ ನಿಖರ ಸಂಖ್ಯೆಯ ಬದಲು ‘ಐದಕ್ಕಿಂತ ಕಡಿಮೆ’ ಎಂದಷ್ಟೇ ತೋರಿಸುತ್ತಿತ್ತು, ಜೊತೆಗೆ ನಡೆದ ಪರೀಕ್ಷೆಗಳ ಸಂಖ್ಯೆಯನ್ನೂ ಕೊಡುತ್ತಿತ್ತು. ಗುರುತು ಬಯಲಾಗುವ ಭಯವಿರುವ ಕಡೆ ಜನ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತಾರೆ. ಪರೀಕ್ಷೆ ಕುಗ್ಗಿದಂತೆ ಪ್ರಕರಣಗಳೂ ಕುಗ್ಗುತ್ತವೆ, ಜಿಲ್ಲಾ ಕೇಂದ್ರದಲ್ಲಿ ಕುಳಿತವರು ಅದನ್ನು ರೋಗ ಇಳಿದದ್ದರ ಲಕ್ಷಣವೆಂದು ಓದುತ್ತಾರೆ.