ಕುದಿಯದ ಬಿಸಿನೀರು

ವಿ.ಸಿ. ಫಾರಂ ಎಂದರೆ ಅಜ್ಜಿ-ತಾತಂದಿರಿಗೆ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ನೆನಪಾಗುತ್ತದೆ. ಮಕ್ಕಳೇ, ಈಗ ಆ ರಾಗಿಯ ಮುದ್ದೆ ಡಬ್ಬಿಯಲ್ಲಿ ಕೂತು ನಿಮ್ಮ ಅಪ್ಪ-ಅಮ್ಮನ ಜೊತೆ ಆಫೀಸಿಗೂ ಹೋಗುತ್ತದೆ, ಮಧ್ಯಾಹ್ನ ಅಲ್ಲಿನ ಮೈಕ್ರೋವೇವ್‌ನಲ್ಲಿ ಬಿಸಿಯಾಗುತ್ತದೆ. ಸ್ಟೀಲ್ ಡಬ್ಬಿ ಒಳಗಿಟ್ಟರೆ ಕಿಡಿ ಹಾರಬಹುದು, ಇಡೀ ಮೊಟ್ಟೆ ಇಟ್ಟರೆ ಸಿಡಿಯಬಹುದು. ಇದು ಹೆಚ್ಚಿನವರಿಗೆ ಗೊತ್ತು. ನೀರಿನ ವಿಷಯ ಗೊತ್ತಿರುವುದಿಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಗೆಳೆಯರೊಬ್ಬರು ಕಾಫಿಗೆಂದು ಗಾಜಿನ ಲೋಟದಲ್ಲಿ ನೀರಿಟ್ಟರು. ಒಂದು ಗುಳ್ಳೆಯೂ ಏಳಲಿಲ್ಲವೆಂದು ಇನ್ನೆರಡು ನಿಮಿಷ ಕಾಯಿಸಿದರು. ಹೊರತೆಗೆದಾಗಲೂ ನೀರು ಕೆರೆಯಂತೆ ಸುಮ್ಮನಿತ್ತು. ಕಾಫಿಪುಡಿ ಹಾಕಿದ್ದೇ ತಡ, ಬುಸ್ಸನೆ ಚಿಮ್ಮಿ ಕೈ ಸುಟ್ಟಿತು! ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿಸಿದೆವು. ಆ ವಾರವೆಲ್ಲ ಅವರು ನೋಟು ಎಣಿಸಲಾಗಲಿಲ್ಲ.

ತಪ್ಪು ಯಂತ್ರದ್ದಲ್ಲ. ಗುಳ್ಳೆ ಹುಟ್ಟಲು ಪಾತ್ರೆಯೊಳಗೆ ಗೀರೋ ಒರಟೋ ಬೇಕು. ಒಲೆಯ ಮೇಲಾದರೆ ತಳ ಮೊದಲು ಕಾದು, ಗುಳ್ಳೆ ಅಲ್ಲಿಂದಲೇ ಏಳುತ್ತದೆ. ಮೈಕ್ರೋವೇವ್ ಅಲೆಗಳು ನೀರನ್ನೇ ನೇರವಾಗಿ ಕಾಯಿಸುತ್ತವೆ. ಲೋಟ ನುಣುಪಾಗಿದ್ದರೆ ನೀರು ಕುದಿಯದೆಯೇ 100 ಡಿಗ್ರಿ ದಾಟಿಬಿಡಬಹುದು. ಪುಡಿ ಬಿದ್ದೊಡನೆ ಗುಳ್ಳೆಗಳೆಲ್ಲ ಒಟ್ಟಿಗೇ ಏಳುತ್ತವೆ.

ಅದಕ್ಕೇ ನೀರಿಡುವಾಗಲೇ ಲೋಟದಲ್ಲೊಂದು ಮರದ ಚಮಚ ಇರಲಿ ಎಂದು ಅಪ್ಪ-ಅಮ್ಮನಿಗೆ ಹೇಳಿ. ಕಾದ ಮೇಲೆ ಅರ್ಧ ನಿಮಿಷ ಬಿಟ್ಟು ತೆಗೆಯಲಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಲಿ.

ನಮ್ಮ ಶಾಖೆಯಲ್ಲಿ ಆ ಚಮಚ ಪದೇ ಪದೇ ಕಾಣೆಯಾಗುತ್ತಿತ್ತು. ಕೌಂಟರಿನ ಪೆನ್ನಿನ ಹಾಗೆ ದಾರ ಕಟ್ಟಿ ಬಿಗಿದೆವು. ಆಮೇಲೆ ಅದು ಒಳಗೆ ಹೋಗದೆ, ಬಾಗಿಲೂ ಮುಚ್ಚದೆ, ನಾವೇ ಬಿಚ್ಚಬೇಕಾಯಿತು.