ಡಿಗ್ರಿ ಕೊಟ್ಟಿರಿ, ಕೆಲಸ ಕಲಿಸುವವರು ಯಾರು?

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ಹೊಸದಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಮುಂಗಾರಿಗೆ ತಿರುಗಿ ಊರಿಗೆ ಬರುತ್ತಾರೆ. ಹೊಸದೇನೆಂದರೆ, ಈಗ ಗುಳೆ ಹೋಗುವವರ ಜೊತಿಗೆ ಬಿ.ಎ., ಬಿ.ಕಾಂ. ಮುಗಿಸಿದ ಹುಡುಗರೂ ಗಂಟು ಕಟ್ಟುತ್ತಾರೆ. ಕೂಲಿ ಮಾಡುವುದು ಕೀಳಲ್ಲ. ಆದರೆ ಓದದ ಅಪ್ಪ ಹೊತ್ತ ಸಿಮೆಂಟು ಚೀಲವನ್ನೇ ಓದಿದ ಮಗನೂ ಹೊರುವುದಾದರೆ, ಮೂರು ವರ್ಷದ ಫೀಜು, ರೂಮಿನ ಬಾಡಿಗೆ ಯಾತಕ್ಕ ಕಟ್ಟಿದಿವಿ?

ನಾನು ಓದಿದ್ದು ಏಳನೇ ತರಗತಿ. ಕಾಲೇಜಿನ ಪಾಠದ ಬಗ್ಗೆ ಮಾತಾಡಲಿಕ್ಕೆ ನೀ ಯಾರು ಎಂದು ಕೇಳಬಹುದು. ಮಳೆ ನಂಬಿದ ಹೊಲದಲ್ಲಿ ತೊಗರಿ, ಹತ್ತಿ ಬೆಳೆದು ಆ ಫೀಜು ಕಟ್ಟುವವನು ನಾನು. ಅದಕ್ಕೇ ಕೇಳುತ್ತೇನೆ.

ಕಾಯುವುದೇ ಒಂದು ಕೆಲಸವಾಗಿದೆ

ಡಿಗ್ರಿ ಮುಗಿಯಿತೆಂದರೆ ಧಾರವಾಡಕ್ಕೋ ವಿಜಯಪುರಕ್ಕೋ ಕೋಚಿಂಗಿಗೆ ಹೋಗುವುದು ರೂಢಿ. ‘ನಮಗೆ 371(ಜೆ) ಐತಲ್ಲ’ ಅನ್ನುತ್ತಾರೆ. ಹೌದು, ಐತಿ. 2012ರ ಸಂವಿಧಾನ ತಿದ್ದುಪಡಿ ಹೋರಾಟ ಮಾಡಿ ಪಡೆದದ್ದು. ಅದರಂತೆ ನಮ್ಮ ಭಾಗದ ಎ ಮತ್ತು ಬಿ ದರ್ಜೆಯ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 75, ಸಿ ದರ್ಜೆಯಲ್ಲಿ 80, ಡಿ ದರ್ಜೆಯಲ್ಲಿ 85 ಸ್ಥಳೀಯರಿಗೇ. ಆ ಹಕ್ಕು ಬಿಡಬಾರದು. ಆದರೆ ಮೀಸಲಾತಿ ಇರುವುದು ಕರೆದ ಹುದ್ದೆಗೆ. ಕರೆಯದ ಹುದ್ದೆಗೆ ನೂರಕ್ಕೆ ನೂರು ಕೊಟ್ಟರೂ ಏನು ಬಂತು?

ಕರೆದರೂ ಭರವಸೆ ಇಲ್ಲ. 545 ಪಿ.ಎಸ್.ಐ. ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನಡುವೆ ಎರಡು ಮುಂಗಾರಿ ಹೋದವು, ಅದರಲ್ಲಿ 2023 ಬರಗಾಲ. ನಾಲ್ಕೆಕರೆ ಒಣಬೇಸಾಯದ ಮನೆ ಓದಿದ ಮಗನನ್ನು ಎಷ್ಟು ವರ್ಷ ಕೂಡ್ರಿಸಿ ಸಾಕಬೇಕು? ಸರಕಾರ 2023ರಲ್ಲಿ ಯುವನಿಧಿ ತಂದಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಕೈಖರ್ಚಿಗೆ ಆದೀತು, ಬದುಕಿಗೆ ಆಗದು.

ಪುಸ್ತಕದ ಹುಳ, ಹೊಲದ ಹುಳ

ನನ್ನ ಕಿರಿಮಗ ಬಿ.ಎಸ್ಸಿ. ಓದುತ್ತಾನೆ. ಯಾವ ಕಾಲೇಜು ಎಂಬುದು ಇಲ್ಲಿ ಬೇಡ. ಕೀಟದ ಕಾಲು, ರೆಕ್ಕೆ, ಹೊಟ್ಟೆ ಎಲ್ಲ ಅವನಿಗೆ ಬಾಯಿಪಾಠ. ನಮ್ಮದೇ ಹೊಲದ ಹತ್ತಿ ಕಾಯಿ ಒಡೆದು ಗುಲಾಬಿ ಕಾಯಿಕೊರಕ ತೋರಿಸಿದರೆ ಹೆಸರು ಹೇಳಲಿಲ್ಲ. ಹುಡುಗನದು ತಪ್ಪಿಲ್ಲ, ಅದನ್ನು ತೋರಿಸಿ ಪಾಠ ಮಾಡಿದವರಿಲ್ಲ. ಮೋಹಕ ಬಲೆಯಲ್ಲಿ ಸತತ ಮೂರು ರಾತ್ರಿ ಎಂಟೆಂಟು ಪತಂಗ ಬಿದ್ದರೆ ಔಷಧಿ ಹೊಡೆಯುವ ಹೊತ್ತು ಬಂತು ಎಂಬ ಲೆಕ್ಕ ಅವನಿಗೆ ತಿಳಿದಿದ್ದರೆ, ಓಣಿಯ ಹತ್ತು ಮನೆಯವರು ಅವನನ್ನೇ ಕೇಳಿ ಔಷಧಿ ತರುತ್ತಿದ್ದರು.

ಇದು ಬರೀ ಮಾತಲ್ಲ. 2015ರಲ್ಲಿ ಕೇಂದ್ರ ಸರಕಾರ ಕೀಟನಾಶಕ ನಿಯಮ ತಿದ್ದಿತು. ಔಷಧಿ ಅಂಗಡಿಯ ಲೈಸೆನ್ಸಿಗೆ ಓದಿನ ಅರ್ಹತೆ ಬಂತು. ಕೃಷಿ ಪದವಿಯೇ ಬೇಕೆಂದಿಲ್ಲ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಬಿ.ಎಸ್ಸಿ. ಪದವೀಧರರಿಗೂ ಅವಕಾಶವಿದೆ. ಕಾಲೇಜಿನವರು ಇದನ್ನು ಮೊದಲ ವರ್ಷವೇ ಹೇಳಬೇಕು.

ರಾಯಚೂರಿನ ಜಿನ್ನಿಂಗ್ ಮಿಲ್ಲುಗಳನ್ನು ನೋಡಿರಿ. ಸಿ.ಸಿ.ಐ. ಖರೀದಿಯಲ್ಲಿ ಹತ್ತಿಯ ತೇವಾಂಶ ನೂರಕ್ಕೆ 8 ದಾಟಿದರೆ ದರ ಕಡಿತ, 12 ದಾಟಿದರೆ ಹತ್ತಿ ವಾಪಸ್ಸು. ಆ ಮೀಟರು ಹಿಡಿಯಲು ಬರುವ ಹುಡುಗ ಊರಲ್ಲಿದ್ದರೆ, ಹತ್ತಿ ಒಣಗಿದೆಯೋ ಇಲ್ಲವೋ ಮನೆಯಲ್ಲೇ ನೋಡಿ ಗಾಡಿ ಹೇರಬಹುದು. ಅಡತಿ ಅಂಗಡಿ, ಮಾನ್ವಿಯ ಅಕ್ಕಿ ಗಿರಣಿಗಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರು ಬೇಕು. ಬಿ.ಕಾಂ. ಹುಡುಗ ಜಿ.ಎಸ್.ಟಿ. ಪಾಠ ಓದಿರುತ್ತಾನೆ, ಒಂದು ಬಿಲ್ಲು ಹಾಕಿರುವುದಿಲ್ಲ.

ಯಾರು ಏನು ಮಾಡಬೇಕು?

ಕಾಲೇಜಿನವರು: ಮೊದಲ ವರ್ಷದಿಂದಲೇ ಪ್ರತಿ ರಜೆಯಲ್ಲಿ ಹದಿನೈದು ದಿನ ಪ್ರತಿ ಹುಡುಗ, ಹುಡುಗಿಯನ್ನು ಒಂದು ಕಡೆ ಕೆಲಸಕ್ಕೆ ಹಚ್ಚಲಿ. ಮಿಲ್ಲು, ಸೊಸೈಟಿ, ಬ್ಯಾಂಕು, ಮಣ್ಣು ಪರೀಕ್ಷಾ ಕೇಂದ್ರ, ಯಾವುದಾದರೂ ಸರಿ. ಕಲಿತದ್ದನ್ನು ಮಾಲೀಕರೇ ಬರೆದುಕೊಡಲಿ. ಮೂರು ವರ್ಷಕ್ಕೆ ಆರು ಕಡೆಯ ಅನುಭವವಾಗುತ್ತದೆ.

ಮಿಲ್ಲು, ಕಂಪನಿಯವರು: 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ, ಎಂಜಿನಿಯರಿಂಗ್ ಅಲ್ಲದ ಪದವಿಯವರನ್ನೂ ತಿಂಗಳ ಭತ್ಯೆ ಕೊಟ್ಟು ಕಲಿಯಲು ತೆಗೆದುಕೊಳ್ಳಬಹುದು. ನಮ್ಮ ಹುಡುಗರು ಅದನ್ನು ಕೇಳಿಕೊಂಡು ಹೋಗಬೇಕು.

ಇನ್ನು ನಾವು, ತಂದೆ ತಾಯಿ. ಪಾಸೋ ಫೇಲೋ ಎಂದಷ್ಟೇ ಕೇಳಿ ಸುಮ್ಮನಾಗುವುದು ಬೇಡ. ‘ಈ ವರ್ಷ ಯಾವ ಕೆಲಸ ಕಲಿತಿ?’ ಎಂದು ಕೇಳಬೇಕು. ಹೆಣ್ಣುಮಕ್ಕಳ ಸಲುವಾಗಿಯಂತೂ ಇದು ಹೆಚ್ಚು ಜರೂರು. 2023ರ ಜೂನಿನಿಂದ ಸರಕಾರಿ ಬಸ್ಸಿಗೆ ಅವರಿಗೆ ಚಾರ್ಜಿಲ್ಲ, ಓದಲು ದೇವದುರ್ಗ, ರಾಯಚೂರಿಗೆ ಹೋಗಿ ಬರುತ್ತಾರೆ. ಬೆಂಗಳೂರಿಗೆ ಒಬ್ಬಳನ್ನೇ ಕಳಿಸಲು ಅಂಜುವ ಮನೆಗಳು ಬಹಳ. ಬಸ್ಸು ಮುಟ್ಟುವ ದೂರದಲ್ಲೇ ಕೆಲಸ ಕಲಿಯದಿದ್ದರೆ ಅವರ ಡಿಗ್ರಿ ಮದುವೆ ಮಾತುಕತೆಗಷ್ಟೇ ಉಪಯೋಗ.

ಪಾಲಕರ ಸಭೆ ಕರೆದಾಗ ನಾವು ಹಿಂದಿನ ಬೆಂಚಿನಲ್ಲಿ ಕೂತು ಸಹಿ ಹಾಕಿ ಬರುತ್ತೇವೆ. ಮುಂದಿನ ಸಭೆಗೆ ಊರಿನ ನಾಲ್ಕು ಜನ ಕೂಡಿ ಹೋಗೋಣ. ಹದಿನೈದು ದಿನದ ಈ ಕೆಲಸದ ಮಾತು ಎತ್ತೋಣ. ನಿಮ್ಮ ಕಡೆ ಯಾವ ಮಿಲ್ಲು, ಅಂಗಡಿ, ಸೊಸೈಟಿಯವರು ಕಾಲೇಜಿನ ಹುಡುಗರನ್ನು ಕಲಿಯಲು ಬಿಟ್ಟುಕೊಂಡಿದ್ದಾರೆ? ಪತ್ರಿಕೆಗೆ ಬರೆಯಿರಿ. ಉಳಿದವರಿಗೆ ದಾರಿಯಾಗುತ್ತದೆ.

– ಒಬ್ಬ ಒಣಬೇಸಾಯಗಾರ, ಮಸರಕಲ್, ದೇವದುರ್ಗ ತಾಲೂಕು